ದ್ರಾಕ್ಷಾಸವದ ಕಡಲದಾರಿ

ಕತಾರ್ ದೇಶದ ರಾಜಧಾನಿಯಾದ ದೋಹಾ ನಗರದಲ್ಲಿ, ಸಮುದ್ರವು ಅರ್ಧಚಂದ್ರಾಕಾರವಾಗಿ ಭೂಮಿಯೊಳಕ್ಕೆ ಸರಿದು ಬಂದಿರುವ ಕೊಲ್ಲಿಯ ಉತ್ತರ ಭಾಗಕ್ಕೆ ವೆಸ್ಟ್ ಬೇ ಎಂಬ ಹೆಸರುಂಟು. ಗಾಜು ಉಕ್ಕುಗಳ ಉತ್ತುಂಗ ಸೌಧಗಳಿಂದ ನಿಬಿಡವಾಗಿರುವ ಈ ಪ್ರದೇಶದ ಬಹುಭಾಗವು ಅರವತ್ತು ವರ್ಷಗಳ ಹಿಂದೆ ನೆಲವೇ ಆಗಿರಲಿಲ್ಲ. 1970ರ ದಶಕದಲ್ಲಿ ಆಳವಿಲ್ಲದ ಕಡಲನ್ನು ತುಂಬಿ ನೆಲ ಮಾಡಿ, ಅಮೆರಿಕದ ವಾಸ್ತುಶಿಲ್ಪಿ ವಿಲಿಯಂ ಪೆರೇರಾ ಹಾಕಿಕೊಟ್ಟ ಯೋಜನೆಯಂತೆ ಅದರ ಮೇಲೆ ಹೊಸ ನಗರಭಾಗವೊಂದನ್ನು ನಿರ್ಮಿಸಲಾಯಿತು. ಅದೇ ಶಿಲ್ಪಿ ಪಿರಮಿಡ್ಡಿನ ಆಕಾರದಲ್ಲಿ ಕಲ್ಪಿಸಿದ ಶೆರಟನ್ ಹೋಟೆಲು 1982ರಲ್ಲಿ ತೆರೆದುದು ಈ ನೂತನ ಭೂಮಿಯ ಚರಿತ್ರೆಯಲ್ಲಿ ಮೊದಲ ದೊಡ್ಡ ಘಟನೆಯೆನ್ನಬೇಕು. ಈ ನಾಡಿನಲ್ಲಿ, ಪರವಾನಗಿ ಪಡೆದ ಇಂತಹ ಹೋಟೆಲುಗಳೊಳಗೆ ಮಾತ್ರ, ಫ್ರಾನ್ಸ್ ಇಟಲಿ ಆಸ್ಟ್ರೇಲಿಯ ಮೊದಲಾದ ದೇಶಗಳ ವೈನು ಅತಿಥಿಗಳಿಗೆ ದೊರೆಯುತ್ತದೆ. ಮನೆಗೆ ಕೊಂಡೊಯ್ಯಲು ಬಯಸುವ ಪರದೇಶೀಯರಿಗೆ ಅನುಮತಿಪತ್ರದ ಮೇಲೆ ಮಾರುವ ಸಂಸ್ಥೆ ಒಂದೇ ಒಂದು. 2019ರ ಜನವರಿ 1ರಿಂದ ಮದ್ಯದ ಮೇಲೆ ನೂರಕ್ಕೆ ನೂರು ಸುಂಕವೂ ವಿಧಿಸಲ್ಪಟ್ಟಿದೆ.

ಈ ಕಡಲ ದಂಡೆಯ ರಸ್ತೆಯಲ್ಲಿ ಸಾಯಂಕಾಲ ನಡೆದಾಡುವವರ ನಡುವೆ ಉಡುಪಿ, ಮಂಗಳೂರು, ಭಟ್ಕಳ, ಕಾಸರಗೋಡುಗಳ ಮಾತು ಕಿವಿಗೆ ಬೀಳುವುದು ಅಪರೂಪವೇನಲ್ಲ. ತಮ್ಮ ಊರಿನ ಕರಾವಳಿಗೂ ಈ ಕೊಲ್ಲಿಗೂ ಇರುವ ಸಂಬಂಧವು ಎಣ್ಣೆಯ ಕಾಲದಿಂದ, ವೀಸಾ ಮತ್ತು ವಿಮಾನಗಳ ಕಾಲದಿಂದ ಮೊದಲಾಯಿತೆಂದು ಅವರಲ್ಲಿ ಬಹುಮಂದಿ ತಿಳಿದಿದ್ದಾರೆ. ಆದರೆ ಎರಡು ಸಾವಿರ ವರ್ಷಗಳ ಹಿಂದೆಯೇ ಈ ಕೊಲ್ಲಿಯಿಂದ ನಮ್ಮ ಪಶ್ಚಿಮ ಸಮುದ್ರತೀರಕ್ಕೆ ಮುತ್ತು, ಖರ್ಜೂರಗಳೊಡನೆ ದ್ರಾಕ್ಷಾಸವವೂ ಹಡಗನ್ನೇರಿ ಬರುತ್ತಿದ್ದಿತೆಂಬುದಕ್ಕೆ ಲಿಖಿತವಾದ ಆಧಾರವಿದೆ. ಆ ಆಧಾರವನ್ನು ಬಿಟ್ಟುಹೋದವರು ಕವಿಗಳೂ ಅಲ್ಲ, ಅರಸರೂ ಅಲ್ಲ, ವೈನಿನ ರುಚಿಯನ್ನೂ ಬೆಲೆಯನ್ನೂ ಸಮವಾಗಿ ಬಲ್ಲ ಪ್ರಯಾಣಿಕರು. ಅವರ ಕಥೆಯನ್ನು ಹೇಳಲು ಈ ಕೊಲ್ಲಿಯ ದಂಡೆಗಿಂತ ಉಚಿತವಾದ ಸ್ಥಳ ನನಗೆ ತೋರಲಿಲ್ಲ.

ಮದ್ಯದ ಪ್ರಸ್ತಾಪ ಬಂದೊಡನೆ ನಮ್ಮ ಚರಿತ್ರಕಾರರು ಬಹುಮಟ್ಟಿಗೆ ಎರಡರಲ್ಲಿ ಒಂದು ಮಾರ್ಗವನ್ನು ಹಿಡಿಯುತ್ತಾರೆ: ನೀತಿಯ ಪಕ್ಷದಲ್ಲಿ ನಿಂತು ಅದನ್ನು ನಿಂದಿಸುವುದು, ಅಥವಾ ರಸಿಕತೆಯ ಪಕ್ಷದಲ್ಲಿ ನಿಂತು ವರ್ಣಿಸುವುದು. ಎಲ್ಲಿಂದ ಬಂದಿತು, ಯಾರು ಹೊತ್ತು ತಂದರು, ಎಷ್ಟಕ್ಕೆ ಮಾರಿದರು, ಮಾರದೆ ಉಳಿದ ಊರು ಯಾವುದು ಎಂದು ಕೇಳುವ ಮೂರನೆಯ ಮಾರ್ಗವೂ ಒಂದುಂಟು, ಮತ್ತು ಚರಿತ್ರೆಗೆ ಅತ್ಯಂತ ಪ್ರಯೋಜನಕರವಾದುದು ಅದೇ. ಏಕೆಂದರೆ ದ್ರಾಕ್ಷಾಸವವು ಭಾರವಾದ ಪದಾರ್ಥ. ಒಡೆಯುವ ಪಾತ್ರೆಯಲ್ಲಿ ತುಂಬಿ ಸಾಗಿಸಬೇಕಾದದ್ದು. ಬಿಸಿಲಿಗೂ ಕಾಲಕ್ಕೂ ಕೆಡುವಂಥದ್ದು. ತಾನು ಹುಟ್ಟಿದ ಮಣ್ಣಿನ ಹೆಸರನ್ನು ತನ್ನೊಡನೆ ಒಯ್ಯುವಂಥದ್ದು. ಇಷ್ಟೆಲ್ಲ ತೊಡಕುಗಳನ್ನು ಸಹಿಸಿ ಒಬ್ಬ ವರ್ತಕನು ಅದನ್ನು ಸಾವಿರ ಯೋಜನ ದೂರಕ್ಕೆ ಸಾಗಿಸಿದನೆಂದರೆ, ಆ ದಾರಿಯಲ್ಲಿ ಗಟ್ಟಿಯಾದ ವ್ಯಾಪಾರವಿದ್ದಿತೆಂಬುದು ನಿಸ್ಸಂಶಯ. ದ್ರಾಕ್ಷಿಯ ಬಳ್ಳಿಯಷ್ಟು ಮಣ್ಣಿನ ವ್ಯತ್ಯಾಸಕ್ಕೆ ಒಳಗಾಗುವ ಹಣ್ಣಿನ ಗಿಡ ಬೇರೊಂದಿಲ್ಲವೆಂದು ಆಡಂ ಸ್ಮಿತ್ 1776ರ ತನ್ನ ಮಹಾಗ್ರಂಥದಲ್ಲಿಯೇ ಗುರುತಿಸಿದ್ದನು. 2006ರಲ್ಲಿ ಅಮೆರಿಕದಲ್ಲಿ ವೈನಿನ ಅರ್ಥಶಾಸ್ತ್ರಜ್ಞರ ಸಂಘವೊಂದು ಸ್ಥಾಪಿತವಾಗಿ, ತನ್ನದೇ ಶಾಸ್ತ್ರೀಯ ಪತ್ರಿಕೆಯನ್ನೂ ಹೊರಡಿಸಿತು. ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಆರ್ಲಿ ಆಶೆನ್‌ಫೆಲ್ಟರ್ ಬೋರ್ಡೋ ಪ್ರಾಂತದ ಚಳಿಗಾಲದ ಮಳೆ, ಬೇಸಗೆಯ ಉಷ್ಣತೆ, ಕೊಯ್ಲಿನ ಸಮಯದ ಮಳೆ ಇವುಗಳಿಂದಲೇ ಆ ವರ್ಷದ ವೈನಿನ ಮುಂದಿನ ಬೆಲೆಯನ್ನು ಊಹಿಸಬಹುದೆಂದು ತೋರಿಸಿದರು. ಶಾಸ್ತ್ರದ ಹೆಸರು ಹೊಸದು. ಅದರ ಕೆಲಸ ಬಹಳ ಹಳೆಯದು.

ಅದರ ಆದಿಪುರುಷನ ಹೆಸರು ನಮಗೆ ದೊರೆತಿಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ಮಧ್ಯಭಾಗದಲ್ಲಿ ಈಜಿಪ್ಟಿನಲ್ಲಿದ್ದು, ಗ್ರೀಕ್ ಭಾಷೆಯನ್ನಾಡುತ್ತ, ಕೆಂಪು ಸಮುದ್ರದಿಂದ ಭಾರತದ ವರೆಗೆ ವ್ಯಾಪಾರಮಾಡಿದ ಆ ಅಜ್ಞಾತ ವರ್ತಕನು ತನ್ನ ಸಹವರ್ತಕರ ಉಪಯೋಗಕ್ಕಾಗಿ ಬರೆದಿಟ್ಟ ಕೈಪಿಡಿಯೇ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’. ಅರುವತ್ತಾರು ಚಿಕ್ಕ ಪ್ರಕರಣಗಳ ಈ ಪುಸ್ತಕದಲ್ಲಿ ಅಲಂಕಾರವೆಂಬುದಿಲ್ಲ. ಯಾವ ಬಂದರಿನಲ್ಲಿ ಲಂಗರು ಹಾಕಬಹುದು, ಎಲ್ಲಿ ಬಂಡೆಗಳಿವೆ, ಅರಸನು ಎಂಥವನು, ಅಲ್ಲಿ ಏನನ್ನು ಮಾರಬೇಕು, ಏನನ್ನು ಕೊಳ್ಳಬೇಕು, ಯಾವ ತಿಂಗಳು ಹೊರಡಬೇಕು, ಇಷ್ಟೇ. ಆದರೂ ಈ ಶುಷ್ಕವಾದ ಪಟ್ಟಿಗಳನ್ನು ಓದುತ್ತ ಹೋದಂತೆ ಒಂದು ಸಂಗತಿ ಮನಸ್ಸಿಗೆ ಬರುತ್ತದೆ: ತಾಮ್ರ ತವರಗಳನ್ನು ಹೆಸರಿಸಿ ಮುಂದೆ ಸಾಗುವ ಈತನು ದ್ರಾಕ್ಷಾಸವದ ವಿಷಯ ಬಂದಾಗ ಅದರ ಜಾತಿಯನ್ನೂ ಹುಟ್ಟಿದ ಊರನ್ನೂ ಹೇಳದೆ ಬಿಡುವುದು ಕಡಮೆ. ಆಫ್ರಿಕದ ತೀರದ ಅದೂಲಿಸ್ ಬಂದರಿಗೆ ಲಾವೊದಿಕೇಯದ ಮತ್ತು ಇಟಲಿಯ ವೈನು ಸ್ವಲ್ಪ ಹೋಗುತ್ತದೆ. ಅದೇ ತೀರದ ಅವಲಿಟಿಸಿಗೆ ಬೇಕಾದುದು ಈಜಿಪ್ಟಿನ ಹುಳಿದ್ರಾಕ್ಷಿಯ ರಸ. ಬರುಗಜದಲ್ಲಿ, ಎಂದರೆ ಇಂದಿನ ಭರೂಚಿನಲ್ಲಿ, ಜನರು ಇಟಲಿಯದನ್ನೇ ಹೆಚ್ಚು ಮೆಚ್ಚುತ್ತಾರೆ, ಲಾವೊದಿಕೇಯದ್ದೂ ಅರೇಬಿಯದ್ದೂ ನಡೆಯುತ್ತದೆ. ಅಲ್ಲಿಯ ಅರಸನಿಗೆ ಒಪ್ಪಿಸುವುದಾದರೆ ಉತ್ತಮ ತರಗತಿಯದೇ ಆಗಬೇಕು. ತನಗೆ ರುಚಿಯಿಲ್ಲದ ವಸ್ತುವಿನ ವಿಷಯದಲ್ಲಿ ಮನುಷ್ಯನು ಇಷ್ಟು ಸೂಕ್ಷ್ಮವಾಗಿ ಬರೆಯಲಾರನೆಂದು ನನ್ನ ನಂಬಿಕೆ.

ಇನ್ನು ಅವನ ಅರ್ಥಶಾಸ್ತ್ರ. ಯೆಮೆನಿನ ಮೂಜಾ ಬಂದರಿನ ವಿಷಯವನ್ನು ಹೇಳುವಾಗ, ಅಲ್ಲಿಗೆ ವೈನನ್ನು ಹೆಚ್ಚಾಗಿ ಒಯ್ಯಬಾರದೆಂದು ಸೂಚಿಸಿ, ಕಾರಣವನ್ನೂ ಕೊಡುತ್ತಾನೆ: ಆ ನಾಡಿನಲ್ಲಿಯೇ ವೈನು ಹೇರಳವಾಗಿ ಬೆಳೆಯುತ್ತದೆ. ಒಂದು ದೇಶವು ತನ್ನಲ್ಲಿ ಸುಲಭವಾಗಿ ಆಗುವುದನ್ನು ಹೊರಗಿನಿಂದ ಕೊಳ್ಳುವುದಿಲ್ಲವೆಂಬ ಈ ಸರಳವಾದ ವಿವೇಕದಿಂದ ಮುಂದೆ ಸಾಗಿ, ತನ್ನಲ್ಲಿ ಕಡಮೆ ಶ್ರಮದಿಂದ ಆಗುವುದನ್ನೂ ಹೊರಗಿನಿಂದ ಕೊಳ್ಳುವುದು ಲಾಭಕರವಾಗಬಹುದೆಂಬ ಸಿದ್ಧಾಂತವನ್ನು ಡೇವಿಡ್ ರಿಕಾರ್ಡೊ 1817ರಲ್ಲಿ ಪೋರ್ಚುಗಲ್ಲಿನ ವೈನು ಮತ್ತು ಇಂಗ್ಲೆಂಡಿನ ಬಟ್ಟೆಗಳ ಪ್ರಸಿದ್ಧ ಉದಾಹರಣೆಯಿಂದ ಸ್ಥಾಪಿಸಿದನು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇಂದಿಗೂ ಅದನ್ನು ಬಾಯಿಪಾಠ ಮಾಡುತ್ತಾರೆ. ಆಫ್ರಿಕದ ಪೂರ್ವತೀರದ ಕೆಲವು ಎಡೆಗಳಿಗೆ ವೈನನ್ನೂ ಗೋಧಿಯನ್ನೂ ಒಯ್ಯುವುದು ಮಾರಾಟಕ್ಕಲ್ಲ, ಅಲ್ಲಿಯ ಜನರ ಸ್ನೇಹವನ್ನು ಸಂಪಾದಿಸುವುದಕ್ಕೆ ಎಂದೂ ಅವನು ಬರೆಯುತ್ತಾನೆ. ಲೆಕ್ಕದ ಪುಸ್ತಕದಲ್ಲಿ ನಷ್ಟವೆಂದು ಕಾಣುವುದು ನಿಜವಾಗಿ ಬಂಡವಾಳವಾಗಿರಬಹುದೆಂಬ ತಿಳಿವಳಿಕೆ ಆ ಒಂದು ಮಾತಿನಲ್ಲಿದೆ. ಬರುಗಜದಲ್ಲಿ ರೋಮಿನ ಚಿನ್ನ ಬೆಳ್ಳಿಯ ನಾಣ್ಯಗಳನ್ನು ಸ್ಥಳೀಯ ನಾಣ್ಯಕ್ಕೆ ಬದಲಾಯಿಸಿದರೆ ಲಾಭವುಂಟೆಂಬ ಸೂಚನೆಯನ್ನು ಕೊಡಲೂ ಅವನು ಮರೆಯುವುದಿಲ್ಲ.

ಈಗ ಈ ಕೊಲ್ಲಿಯ ಮಾತು. ಕೊಲ್ಲಿಯ ಬಾಯಿಯ ಸಮೀಪದಲ್ಲಿ ಮುತ್ತಿನ ಚಿಪ್ಪಿಗಾಗಿ ಮುಳುಗುವ ಕೆಲಸವು ವಿಶೇಷವಾಗಿ ನಡೆಯುತ್ತದೆಂದು ಹೇಳಿ, ಕೊಲ್ಲಿಯ ಶಿರೋಭಾಗದಲ್ಲಿದ್ದ ಅಪೊಲೊಗಸ್ ಮತ್ತು ಕೊಲ್ಲಿಯ ಬಾಯಿಯನ್ನು ದಾಟಿ ಆರು ದಿನದ ದಾರಿಯಲ್ಲಿದ್ದ ಒಮ್ಮನ ಎಂಬ ಎರಡು ಬಂದರುಗಳನ್ನು ಅವನು ಹೆಸರಿಸುತ್ತಾನೆ. ಬರುಗಜದಿಂದ ಅಲ್ಲಿಗೆ ತಾಮ್ರ, ತೇಗದ ಮರ, ಕರಿಮರಗಳು ಬರುತ್ತಿದ್ದವು. ಅಲ್ಲಿಂದ ಬರುಗಜಕ್ಕೂ ಅರೇಬಿಯಕ್ಕೂ ಹೋಗುತ್ತಿದ್ದವು ಮುತ್ತು, ಧೂಮ್ರವರ್ಣದ ಬಣ್ಣ, ಬಟ್ಟೆ, ವೈನು, ಬಹಳವಾಗಿ ಖರ್ಜೂರ, ಚಿನ್ನ, ಮತ್ತು ಗುಲಾಮರು. ಭಾರತದ ಮುತ್ತಿಗಿಂತ ಕೊಲ್ಲಿಯ ಮುತ್ತು ಕೆಳದರ್ಜೆಯದೆಂದು ತೀರ್ಪುಕೊಡುವಷ್ಟು ಅವನಿಗೆ ಅದರಲ್ಲಿಯೂ ಪರಿಚಯವಿದ್ದಿತು. ಇದೇ ಕತಾರಿನ ಈಶಾನ್ಯ ತೀರದ ಅಲ್ ಖೋರ್ ಸಮೀಪದ ಸಣ್ಣ ದ್ವೀಪವೊಂದರಲ್ಲಿ, ಪೆರಿಪ್ಲಸ್ಸಿಗಿಂತ ಸಾವಿರ ವರ್ಷಕ್ಕೂ ಹಿಂದೆ, ಕಡಲಬಸವನಹುಳುಗಳಿಂದ ಆ ಬಣ್ಣವನ್ನು ತೆಗೆಯುತ್ತಿದ್ದರೆಂಬುದನ್ನು ಉತ್ಖನನಗಳು ಸ್ಥಾಪಿಸಿವೆ. ಹೀಗೆ ಮುತ್ತು, ಬಣ್ಣ, ವೈನು ಒಂದೇ ಹಡಗಿನ ಒಡಲಲ್ಲಿ ಜೊತೆಗೂಡಿ ನಮ್ಮ ಕಡಲಿಗೆ ಬಂದವು. ಅದೇ ಸಾಲಿನಲ್ಲಿ ಗುಲಾಮರೂ ಇದ್ದರೆಂಬುದನ್ನು ಓದುಗನು ಮರೆಯದಿರಲಿ. ಆ ವರ್ತಕನಿಗೆ ಅದು ಕೇವಲ ಒಂದು ಸರಕು, ನಮಗೆ ಹಾಗಾಗಲಾರದು.

ದಕ್ಷಿಣಕ್ಕೆ ಬಂದಂತೆ ವೈನಿನ ಪ್ರಮಾಣ ಇಳಿಯುತ್ತದೆ. ಕೇರಳದ ಮುಜಿರಿಸಿಗೆ ವೈನು ಹೋಗುತ್ತದೆ, ಆದರೆ ಬಹಳವಿಲ್ಲವೆಂದು ಅವನ ಲೆಕ್ಕ. ಭರೂಚಿಗೂ ಮುಜಿರಿಸಿಗೂ ನಡುವೆ ಹಬ್ಬಿರುವ ನಮ್ಮ ಕರಾವಳಿಯ ಮೇಲೆ ಅವನು ಹೆಸರಿಸುವ ಬಂದರುಗಳಲ್ಲಿ ನೌರಾ ಎಂಬುದನ್ನು ಕೆಲವರು ಹೊನ್ನಾವರವೆಂದೂ ಕೆಲವರು ಕಣ್ಣಾನೂರೆಂದೂ ಗುರುತಿಸಿದ್ದಾರೆ. ಈ ಸೀಮೆಯ ಕಡಲಿನಲ್ಲಿ ಕಳ್ಳರ ಕಾಟವಿದೆಯೆಂದು ಅವನು ಎಚ್ಚರಿಸುತ್ತಾನೆ. ಅದೇ ಶತಮಾನದಲ್ಲಿ ರೋಮಿನ ಪ್ಲಿನಿಯೂ ಅದನ್ನೇ ಹೇಳುತ್ತಾನೆ. ಈ ಪ್ಲಿನಿ ತನ್ನ ಪ್ರಕೃತಿಚರಿತ್ರೆಯ ಹದಿನಾಲ್ಕನೆಯ ಸಂಪುಟವನ್ನು ದ್ರಾಕ್ಷಿಗೂ ಮದ್ಯಕ್ಕೂ ಮೀಸಲಿಟ್ಟವನು. ಭಾರತ, ಚೀನ, ಅರೇಬಿಯಗಳು ಸೇರಿ ವರ್ಷಕ್ಕೆ ಹತ್ತು ಕೋಟಿ ಸೆಸ್ಟರ್ಸುಗಳನ್ನು ರೋಮಿನಿಂದ ಸೆಳೆದುಕೊಳ್ಳುತ್ತವೆಂದು ಹಲುಬಿದವನೂ ಅವನೇ. ನಮ್ಮ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳ ನಾಣ್ಯಗಳು ದೊರೆತಿರುವುದು ಆ ಹಲುಬುವಿಕೆಗೆ ಒಂದು ಸಾಕ್ಷಿ. ಆದರೆ ಹೋದ ಚಿನ್ನವನ್ನು ಎಣಿಸಿದ ಪ್ಲಿನಿಯು, ಅದೇ ಹಡಗುಗಳಲ್ಲಿ ಮಾರಾಟಕ್ಕೆ ಬಂದ ಇಟಲಿಯ ವೈನಿನ ಬೆಲೆಯನ್ನು ಆ ಲೆಕ್ಕದಿಂದ ಕಳೆದಂತೆ ಕಾಣುವುದಿಲ್ಲ. ಹೆಸರಿಲ್ಲದ ವರ್ತಕನು ಈ ವಿಷಯದಲ್ಲಿ ಹೆಸರಾಂತ ಪಂಡಿತನಿಗಿಂತ ಮೇಲು.

ಇಲ್ಲಿಯ ವರೆಗಿನ ಕಥೆಯಲ್ಲಿ ಕನ್ನಡವು ಕಡಲತಡಿಯ ಹೆಸರಾಗಿ ಮಾತ್ರ ಬಂದಿತು. ಇನ್ನು ಮುಂದೆ ಅದು ಮಾತನಾಡುತ್ತದೆ. ಅಥವಾ, ಮಾತನಾಡುತ್ತದೆಂದು ನಮ್ಮ ವಿದ್ವಾಂಸರು ನಂಬಿದರು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ತಿಪ್ಪೆಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಂಗ್ಲ ಪಂಡಿತರು ಅಗೆದು ತೆಗೆದ ಅಸಂಖ್ಯ ಪೆಪೈರಸ್ ತುಣುಕುಗಳಲ್ಲಿ, 413ನೆಯ ಸಂಖ್ಯೆಯನ್ನು ಪಡೆದು 1903ರಲ್ಲಿ ಪ್ರಕಟವಾದುದು ಒಂದು ಗ್ರೀಕ್ ಪ್ರಹಸನ. ಹಾಳೆಯ ಬರವಣಿಗೆ ಎರಡನೆಯ ಶತಮಾನದ್ದು. ಭಾರತದ ಒಂದು ಕಡಲತೀರದಲ್ಲಿ ಚಂದ್ರದೇವತೆಯ ಗುಡಿಯೊಳಗೆ ಸೆರೆಯಲ್ಲಿರುವ ಕ್ಯಾರಿಶನ್ ಎಂಬ ಗ್ರೀಕ್ ಕನ್ಯೆಯನ್ನು ಅವಳ ಅಣ್ಣನು ಹಡಗಿನವರೊಡನೆ ಬಂದು ಬಿಡಿಸಿಕೊಂಡು ಹೋಗುವುದು ಅದರ ವಸ್ತು. ಬಿಡಿಸುವ ಉಪಾಯವೇ ದ್ರಾಕ್ಷಾಸವ. ಗ್ರೀಕರು ವೈನಿಗೆ ನೀರು ಬೆರೆಸಿ ಕುಡಿಯುವವರು. ಈ ದೇಶದಲ್ಲಿ ವೈನು ಮಾರಾಟಕ್ಕೆ ಸಿಗುವುದಿಲ್ಲವಾದ್ದರಿಂದ ಇಲ್ಲಿಯವರಿಗೆ ಅದರ ಬಳಕೆ ತಿಳಿಯದು, ಸಿಕ್ಕಿದರೆ ನೀರು ಬೆರೆಸದೆಯೇ ಕುಡಿದುಬಿಡುತ್ತಾರೆ, ಎಂಬ ಲೆಕ್ಕಾಚಾರದ ಮೇಲೆ ಅವರು ಅರಸನಿಗೂ ಪರಿವಾರಕ್ಕೂ ಅಪ್ಪಟ ವೈನನ್ನು ಕುಡಿಸುತ್ತಾರೆ. ಅಮಲೇರಿದ ಅರಸನನ್ನು ಕಟ್ಟಿಹಾಕಿ ಹಡಗನ್ನೇರುತ್ತಾರೆ.

ವಿದೂಷಕನ ಚೇಷ್ಟೆಗಳಿಂದಲೂ ಒರಟು ಹಾಸ್ಯದಿಂದಲೂ ತುಂಬಿದ ಈ ನಾಟಕದ ಗರ್ಭದಲ್ಲಿ ಒಂದು ಮಾರುಕಟ್ಟೆಯ ವಾರ್ತೆಯಿದೆಯೆಂಬುದನ್ನು ನಾವು ಗಮನಿಸಬೇಕು. ನಮ್ಮ ಪಶ್ಚಿಮ ತೀರದಲ್ಲಿ ವೈನು ವಿರಳವೆಂದು ಪೆರಿಪ್ಲಸ್ಸಿನ ವರ್ತಕನು ಒಂದು ಶತಮಾನ ಮೊದಲೇ ಬರೆದಿದ್ದನಷ್ಟೆ. ಈಜಿಪ್ಟಿನ ಒಂದು ಒಳನಾಡಿನ ಊರಿನ ಪ್ರೇಕ್ಷಕರನ್ನು ನಗಿಸಬೇಕಾದರೆ ಆ ವಿಷಯವು ಅವರಿಗೂ ಸಾಮಾನ್ಯ ಜ್ಞಾನವಾಗಿದ್ದಿರಬೇಕು. ವರ್ತಕನ ಲೆಕ್ಕವನ್ನು ನಾಟಕಕಾರನು ದೃಢಪಡಿಸುತ್ತಾನೆ, ನಾಟಕಕಾರನ ಹಾಸ್ಯವನ್ನು ವರ್ತಕನು ಅರ್ಥಪೂರ್ಣಗೊಳಿಸುತ್ತಾನೆ. ಎರಡು ಬೇರೆ ಬೇರೆ ಬಗೆಯ ಆಧಾರಗಳು ಹೀಗೆ ಒಂದನ್ನೊಂದು ಹಿಡಿದು ನಿಲ್ಲಿಸುವುದು ಪ್ರಾಚೀನ ಚರಿತ್ರೆಯಲ್ಲಿ ದುರ್ಲಭವಾದ ಭಾಗ್ಯ.

ನಾಟಕದ ಅರಸನೂ ಅವನ ಜನರೂ ಆಡುವ ಮಾತು ಗ್ರೀಕಲ್ಲ. ಗ್ರೀಕ್ ಲಿಪಿಯಲ್ಲಿ ಬರೆದ ಯಾವುದೋ ಪರಭಾಷೆ. ಮದರಾಸು ಸರ್ಕಾರದ ಶಾಸನತಜ್ಞರಾಗಿದ್ದು ಆಗತಾನೆ ಜರ್ಮನಿಗೆ ಮರಳಿದ್ದ ಹುಲ್ಟ್ಸ್ ಪಂಡಿತರು, 1904ರಲ್ಲಿ, ಅದು ಕನ್ನಡವಿರಬೇಕೆಂದು ಸೂಚಿಸಿದರು. ಅನಂತರ ಅದನ್ನು ಕೈಗೆತ್ತಿಕೊಂಡು ಸಮರ್ಥಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. ಮಧು, ಪಾತ್ರೆ, ಕೊಂಚ, ಬೇರೆ ಎಂಬ ಶಬ್ದಗಳು ಆ ಸಂಭಾಷಣೆಯಲ್ಲಿ ಅವರಿಗೆ ಕಂಡವು. ಅವರ ವ್ಯಾಖ್ಯಾನದಂತೆ ಅರಸನ ಮಾತೆಲ್ಲ ಬಟ್ಟಲಿಗೆ ಮದ್ಯವನ್ನು ಬಗ್ಗಿಸುವುದಕ್ಕೆ ಸಂಬಂಧಿಸಿದ್ದು. ಮಂಜೇಶ್ವರದ ಗೋವಿಂದ ಪೈಗಳು, ತಾವಿದ್ದ ಗಡಿನಾಡಿನ ಕಡಲಿಗೇ ಸೇರಿದ ಈ ಕಥೆಯನ್ನು ಆಸಕ್ತಿಯಿಂದ ಪರಿಶೀಲಿಸಿದರು. ಮಲ್ಪೆಯ ಹೆಸರನ್ನೂ ಅದರಲ್ಲಿ ಕಂಡವರುಂಟು. ಮುಂದೆ ಕೆಲವು ವಿದ್ವಾಂಸರು ಅದು ತುಳುವೆಂದು ವಾದಿಸಿದರು. ಲಂಡನ್ನಿನ ಎಲ್. ಡಿ. ಬಾರ್ನೆಟ್ ಮಾತ್ರ 1926ರಲ್ಲಿ ಈ ಕನ್ನಡದ ವಾದವನ್ನು ನಿರಾಕರಿಸಿ ಲೇಖನ ಬರೆದರು. ಅದರಲ್ಲಿ ಬಲವಿದೆಯೆಂದು ನಾನು ಒಪ್ಪುತ್ತೇನೆ: ಹಲ್ಮಿಡಿಯ ಶಾಸನವೇ ಕ್ರಿಸ್ತಶಕ 450ರ ಸುಮಾರಿನದಾಗಿರುವಾಗ, ಅದಕ್ಕಿಂತ ಮೂರು ಶತಮಾನ ಹಿಂದಿನ ಕನ್ನಡವು ಇಪ್ಪತ್ತನೆಯ ಶತಮಾನದ ಕನ್ನಡಿಗನಿಗೆ ಇಷ್ಟು ಸುಲಭವಾಗಿ ಅರ್ಥವಾಗುವುದು ಸಂದೇಹಾಸ್ಪದ. ಭಾಷೆಯ ಪ್ರಶ್ನೆ ಇತ್ಯರ್ಥವಾಗದಿದ್ದರೂ ವೈನಿನ ವಾರ್ತೆಯ ಬೆಲೆ ಕುಂದುವುದಿಲ್ಲ. ಅಭಿಮಾನಕ್ಕಾಗಿ ಮೊದಲನೆಯದನ್ನೇ ಹಿಡಿದು ಎರಡನೆಯದನ್ನು ಕೈಬಿಟ್ಟುದು ನಮ್ಮ ನಷ್ಟವಾಯಿತು.

ಶಾಮಶಾಸ್ತ್ರಿಗಳ ಹೆಸರು ಇಲ್ಲಿ ಬಂದುದು ಆಕಸ್ಮಿಕವಾದರೂ ಅತ್ಯಂತ ಅರ್ಥವತ್ತಾದುದು. ಕಾವೇರಿಯ ತೀರದ ರುದ್ರಪಟ್ಟಣದಲ್ಲಿ 1868ರಲ್ಲಿ ಜನಿಸಿ ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಕೆಲಸಮಾಡುತ್ತಿದ್ದ ಆ ವಿದ್ವಾಂಸರ ಕೈಗೇ, 1905ರಲ್ಲಿ, ಶತಮಾನಗಳಿಂದ ಕಳೆದುಹೋಗಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಗಳು ಬಂದು ಸೇರಿದವು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅವರಿಂದ ಪ್ರಕಟವಾದವು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಮದ್ಯದ ವ್ಯಾಪಾರವನ್ನು ಒಂದೇ ಮುಖದಿಂದ ನಡೆಸಬೇಕೋ ಅನೇಕ ಮುಖಗಳಿಂದಲೋ ಎಂಬುದನ್ನು ಕೊಳ್ಳುವಿಕೆ ಮಾರುವಿಕೆಗಳ ಅನುಕೂಲವನ್ನು ನೋಡಿ ಅವನು ನಿರ್ಣಯಿಸಬೇಕು, ಅಂಗಡಿಗಳು ಒತ್ತೊತ್ತಾಗಿರಬಾರದು, ಪಾನಗೃಹದಲ್ಲಿ ಬೇರೆ ಬೇರೆ ಕೋಣೆಗಳು, ಹಾಸಿಗೆ ಆಸನಗಳು, ಗಂಧಮಾಲ್ಯಗಳು ಇರಬೇಕು, ಮತ್ತು ಯಾರು ತಮ್ಮ ವರಮಾನವನ್ನು ಮೀರಿ ವೆಚ್ಚಮಾಡುತ್ತಾರೆಂಬುದನ್ನು ಗೂಢಚಾರರು ಗುರುತಿಸುತ್ತಿರಬೇಕು, ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನ ಜನರಿಗೆ ಮದ್ಯ ತಯಾರಿಸಲು ಅನುಮತಿ, ರಾಜನದಲ್ಲದ ಸರಕಿಗೆ ನೂರಕ್ಕೆ ಐದು ಸುಂಕ. ಆರು ಬಗೆಯ ಮದ್ಯಗಳನ್ನು ಹೆಸರಿಸುವ ಕೌಟಿಲ್ಯನು, ದ್ರಾಕ್ಷಿಯ ರಸದಿಂದಾಗುವ ಮಧುವಿಗೆ ಮಾತ್ರ ಅದು ಹುಟ್ಟುವ ದೇಶದಿಂದಲೇ ಹೆಸರೆಂದು ಹೇಳಿ, ಕಾಬೂಲಿನ ಕಡೆಯ ಕಾಪಿಶಾಯನವನ್ನೂ ಹಾರಹೂರಕವನ್ನೂ ಉದಾಹರಿಸುತ್ತಾನೆ. ಫ್ರಾನ್ಸಿನವರು ಇಪ್ಪತ್ತನೆಯ ಶತಮಾನದಲ್ಲಿ ಕಾಯಿದೆಯಿಂದ ಭದ್ರಪಡಿಸಿದ ಊರ ಹೆಸರಿನ ಮರ್ಯಾದೆ ಇದೇ. ಮದ್ಯದ ಆಡಳಿತವನ್ನು ಕುರಿತ ಪ್ರಾಚೀನ ಗ್ರಂಥವನ್ನು ಲೋಕಕ್ಕೆ ಕೊಟ್ಟವರೂ, ಮದ್ಯದಿಂದಲೇ ನಡೆಯುವ ಗ್ರೀಕ್ ನಾಟಕದಲ್ಲಿ ಕನ್ನಡವನ್ನು ಹುಡುಕಿದವರೂ ಒಬ್ಬರೇ ಆದುದು ಕರ್ನಾಟಕದ ವಿದ್ವತ್ತಿನ ಒಂದು ವಿಶೇಷ.

ಇಸ್ಲಾಮಿನ ಉದಯಾನಂತರ ಈ ಕೊಲ್ಲಿಯ ಬಂದರುಗಳ ಸರಕಿನ ಸಾಲಿನಿಂದ ವೈನು ಹಿಂದೆ ಸರಿಯಿತಾದರೂ, ವೈನಿನ ವಿಷಯದ ವಿಚಾರಣೆ ನಿಲ್ಲಲಿಲ್ಲ. ಕೊಲ್ಲಿಯ ಪರ್ಷಿಯನ್ ದಂಡೆಯಲ್ಲಿದ್ದ ಸಿರಾಫ್ ಮೊದಲಾದ ಬಂದರುಗಳ ವರ್ತಕರ ಮಾತುಗಳನ್ನು ಸಂಗ್ರಹಿಸಿ 851ರಲ್ಲಿ ರಚಿತವಾದ ಅರಬ್ಬಿ ವೃತ್ತಾಂತವೊಂದುಂಟು. ಭಾರತದ ಅರಸರಲ್ಲೆಲ್ಲ ಶ್ರೇಷ್ಠನೆಂದೂ ಅರಬ್ಬರಲ್ಲಿ ಪ್ರೀತಿಯುಳ್ಳವನೆಂದೂ ಅದು ಕೊಂಡಾಡುವ ‘ಬಲ್ಹರಾ’ ನಮ್ಮ ರಾಷ್ಟ್ರಕೂಟ ವಲ್ಲಭ. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಭಾರತೀಯರು ಮದ್ಯವನ್ನು ಮುಟ್ಟುವುದಿಲ್ಲ, ಮದ್ಯದಿಂದಾಗುತ್ತದೆಂಬ ಕಾರಣಕ್ಕೆ ದ್ರಾಕ್ಷಿಯ ಹುಳಿಯನ್ನೂ ಸೇವಿಸುವುದಿಲ್ಲವೆಂದು ಬರೆದು, ಅದಕ್ಕೆ ಕಾರಣ ಮತವಲ್ಲ, ಕುಡಿಯುವ ಅರಸನು ಶತ್ರುಗಳ ನಡುವೆ ರಾಜ್ಯವನ್ನು ಹೇಗೆ ರಕ್ಷಿಸಿಯಾನು ಎಂಬ ವಿವೇಕವೇ ಎಂದು ಆ ಗ್ರಂಥವು ವಿವರಿಸುತ್ತದೆ. ತಮ್ಮ ಧರ್ಮದಲ್ಲಿ ನಿಷಿದ್ಧವಾದುದನ್ನು ಪರರು ಬೇರೊಂದು ಕಾರಣದಿಂದ ಬಿಟ್ಟಿರುವುದನ್ನು ಕಂಡು, ಆ ಕಾರಣವನ್ನು ಕೇಳಿ ತಿಳಿದು ಬರೆದ ಆ ವರ್ತಕರ ನಿಷ್ಪಕ್ಷಪಾತವು ನನಗೆ ಆದರಣೀಯವಾಗಿ ತೋರುತ್ತದೆ. ಎಲ್ಲ ಅರಸರೂ ಹಾಗಿದ್ದರೆಂದಲ್ಲ: ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1130ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮದಿರಾಪಾನವು ರಾಜಕ್ರೀಡೆಗಳ ನಡುವೆ ನಿಸ್ಸಂಕೋಚವಾಗಿ ಸ್ಥಾನ ಪಡೆದಿದೆ.

ವಿಜಯನಗರದ ಕಾಲದಲ್ಲಿ ಹೊರ್ಮುಜಿನಿಂದ ಭಟ್ಕಳಕ್ಕೆ ಕುದುರೆಯೂ ಮುತ್ತೂ ಬಂದು, ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿದ್ದುದನ್ನು ಪೋರ್ಚುಗೀಸ್ ಬಾರ್ಬೋಸನು ಬರೆದಿದ್ದಾನೆ. 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯಸ್ ರಾಜಧಾನಿಯ ಪೇಟೆಯಲ್ಲಿ ಒಂದು ಹಣಕ್ಕೆ ದ್ರಾಕ್ಷಿಯ ಮೂರು ಗೊಂಚಲು, ದಾಳಿಂಬೆ ಹತ್ತು ಎಂದು ದರವನ್ನು ಕೊಡುತ್ತಾನೆ. ತುಂಗಭದ್ರೆಯ ತೀರದಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದಿತು, ಆದರೆ ತಿನ್ನುವುದಕ್ಕೆ. ಅದೇ ಹಣ್ಣಿನಿಂದ ಕೊಲ್ಲಿಯ ಆಚೆಯ ಶಿರಾಜಿನಲ್ಲಿ ಆಗುತ್ತಿದ್ದ ವೈನು ಹದಿನೇಳನೆಯ ಶತಮಾನದಲ್ಲಿ ಗೊಂಬ್ರೂನ್ ಬಂದರಿನಿಂದ ಸೂರತ್ತಿಗೆ ಬಂದು ಇಂಗ್ಲಿಷ್ ಕೋಠಿಯ ಊಟದ ಮೇಜನ್ನು ಸೇರುತ್ತಿದ್ದಿತು. ಆ ದಾರಿಯಲ್ಲಿ ಓಡಾಡಿದವರಲ್ಲಿ ಇಬ್ಬರನ್ನು ನೆನೆಯಬೇಕು: ಮೊದಲನೆಯವನು ಫ್ರೆಂಚ್ ರತ್ನಪಡಿವ್ಯಾಪಾರಿ ತವೆರ್ನಿಯೆ, ಬಹ್ರೇನಿನ ಸುತ್ತಲಿನ ಮುತ್ತಿನ ಮೀನುಗಾರಿಕೆಯನ್ನೂ ಶಿರಾಜಿನ ವೈನನ್ನೂ ಒಂದೇ ಜಾಗರೂಕತೆಯಿಂದ ವರ್ಣಿಸಿದವನು. ಎರಡನೆಯವನು ಇಂಗ್ಲಿಷ್ ಕಂಪನಿಯ ವೈದ್ಯ ಜಾನ್ ಫ್ರೈಯರ್. 1672ರಿಂದ 1681ರ ವರೆಗಿನ ತನ್ನ ಸಂಚಾರದಲ್ಲಿ ಕಾರವಾರದಲ್ಲಿದ್ದು ಗೋಕರ್ಣದ ಶಿವರಾತ್ರಿಯನ್ನು ನೋಡಿ, ಅನಂತರ ಇದೇ ಕೊಲ್ಲಿಯನ್ನು ದಾಟಿ ಶಿರಾಜಿಗೆ ಹೋದವನು.

ಟಿಪ್ಪುವಿನ ಕಾಲಕ್ಕೆ ಈ ಸಂಬಂಧವು ರಾಜ್ಯದ ನೀತಿಯೇ ಆಯಿತು. ಮಸ್ಕತ್ತಿನಲ್ಲಿ ಅವನ ಸರ್ಕಾರದ ಕೋಠಿಯಿದ್ದಿತು. ಮಂಗಳೂರಿನ ಅಕ್ಕಿ, ಮೈಸೂರಿನ ಗಂಧ ಅಲ್ಲಿಗೆ ಹೋಗುತ್ತಿದ್ದವು. ಮದ್ಯವನ್ನು ಮಾತ್ರ ಅವನು ತನ್ನ ರಾಜ್ಯದಲ್ಲಿ ನಿಷೇಧಿಸಿದನು, ಬೊಕ್ಕಸಕ್ಕಾಗುವ ನಷ್ಟವನ್ನು ಲಕ್ಷಿಸದೆ. ಅವನ ಪತನದ ಮರುವರ್ಷ, 1800ರ ಏಪ್ರಿಲಿನಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ಊರೂರಿನಲ್ಲಿ ಬೆಳೆ, ಕೂಲಿ, ತೂಕ, ದರಗಳನ್ನು ವಿಚಾರಿಸಿ 1807ರಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿದನು. ಬೆಂಗಳೂರಿನ ಸುಲ್ತಾನನ ತೋಟಗಳಲ್ಲಿ ದ್ರಾಕ್ಷಿಯ ಬಳ್ಳಿ ಸೊಂಪಾಗಿ ಹಬ್ಬುವುದನ್ನು ಕಂಡು ಬರೆದವನು ಅವನು. ತುಳುನಾಡಿನಲ್ಲಿ ಬಿಲ್ಲವರು ಶೇಂದಿ ಇಳಿಸುವುದನ್ನೂ, ಮಂಗಳೂರಿನಿಂದ ಮಸ್ಕತ್ತಿಗೆ ಅಕ್ಕಿ ರಫ್ತಾಗುವುದನ್ನೂ ದಾಖಲಿಸಿದವನು ಅವನೇ. ಬುಕಾನನ್ ವಿಜೇತರ ಸೇವಕನಾಗಿ ಬಂದವನೆಂಬುದು ನಿಜ. ಆದರೂ ನಮ್ಮ ಹಿರಿಯರ ದಿನದಿನದ ಬಾಳಿನ ಲೆಕ್ಕವನ್ನು ಅವನಷ್ಟು ತಾಳ್ಮೆಯಿಂದ ಬರೆದಿಟ್ಟವರು ಆ ಕಾಲದಲ್ಲಿ ಮತ್ತೊಬ್ಬರಿಲ್ಲ.

ಉಳಿದುದು ಸಂಕ್ಷೇಪವಾಗಿ ಹೇಳಬಹುದಾದುದು. 1930ರ ದಶಕದಲ್ಲಿ ಜಪಾನಿನ ಕೃಷಿಮುತ್ತು ಮತ್ತು ಲೋಕದ ಆರ್ಥಿಕ ಕುಸಿತಗಳಿಂದ ಕೊಲ್ಲಿಯ ಮುತ್ತಿನ ಕಸುಬು ನೆಲಕಚ್ಚಿ, ಕತಾರಿನ ಜನ ಕಡುಬಡತನವನ್ನು ಕಂಡರು. ದುಖಾನಿನಲ್ಲಿ ದೊರೆತ ಎಣ್ಣೆಯು 1949ರಿಂದ ರಫ್ತಾಗತೊಡಗಿದ ಮೇಲೆ ನಾಡಿನ ಗತಿ ತಿರುಗಿತು. ತುಂಬಿದ ಕಡಲಿನ ಮೇಲೆ ವೆಸ್ಟ್ ಬೇ ಎದ್ದುದು ಅದರ ಫಲ. ಇತ್ತ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ 1988ರಲ್ಲಿ ಫ್ರೆಂಚ್ ಜಾತಿಯ ಬಳ್ಳಿಗಳನ್ನು ನೆಟ್ಟು 1992ರಲ್ಲಿ ವೈನನ್ನು ಹೊರತಂದರು; 2007ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನಿನ ನೀತಿಯನ್ನು ಸಾರಿತು; ನಮ್ಮ ರೈತರ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಊರಿನ ಹೆಸರೇ ಹಣ್ಣಿನ ಮರ್ಯಾದೆಯೆಂಬ ಕೌಟಿಲ್ಯನ ನ್ಯಾಯವು ಹೀಗೆ ಬೆಂಗಳೂರಿಗೂ ಬಂದಿತು.

ಈ ಚರಿತ್ರೆಯ ಎಳೆಗಳು ಗ್ರೀಕಿನಲ್ಲಿ, ಅರಬ್ಬಿಯಲ್ಲಿ, ಪೋರ್ಚುಗೀಸಿನಲ್ಲಿ, ಇಂಗ್ಲಿಷಿನಲ್ಲಿ ಚೆದರಿಹೋಗಿವೆ. ಕನ್ನಡಿಗರು ಅವುಗಳನ್ನು ಬಹುಮಟ್ಟಿಗೆ ಪರರ ಅನುವಾದಗಳ ಮೂಲಕವೇ ಓದುತ್ತ ಬಂದಿದ್ದೇವೆ. ಪೆಪೈರಸ್ಸಿನ ಕನ್ನಡದ ವಾದವು ಶತಮಾನ ಕಳೆದರೂ ತೀರ್ಮಾನವಾಗದೆ ನಿಂತಿರುವುದಕ್ಕೆ, ಗ್ರೀಕನ್ನೂ ಹಳಗನ್ನಡವನ್ನೂ ತುಳುವನ್ನೂ ಒಟ್ಟಿಗೆ ಬಲ್ಲವರು ನಮ್ಮಲ್ಲಿ ವಿರಳರಾಗಿರುವುದೇ ಮುಖ್ಯ ಕಾರಣ. ನಮ್ಮ ವಿಶ್ವವಿದ್ಯಾನಿಲಯಗಳು ಪ್ರಾಚೀನ ಗ್ರೀಕ್ ಮತ್ತು ಅರಬ್ಬಿಯ ಪೀಠಗಳನ್ನು ಸ್ಥಾಪಿಸಿ ಆ ಕೊರತೆಯನ್ನು ತುಂಬಬೇಕು. ದೋಹಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿಯೂ ನನ್ನದೊಂದು ಬಿನ್ನಹ: ಇಲ್ಲಿಯ ರಾಷ್ಟ್ರೀಯ ಗ್ರಂಥಾಲಯವು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದೊಡನೆ ಸೇರಿ, ಬ್ರಿಟಿಷ್ ಇಂಡಿಯಾದ ಕೊಲ್ಲಿಯ ದಫ್ತರುಗಳನ್ನೂ ಲೋರಿಮರನ ಗ್ಯಾಜೆಟಿಯರನ್ನೂ 2014ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಶಾಲೆಯಲ್ಲಿ ಅರಬ್ಬಿ ಅಕ್ಷರವನ್ನು ಕಲಿಯುತ್ತಿರುವ ನಿಮ್ಮ ಮಕ್ಕಳಿಗೆ ಕನ್ನಡವನ್ನೂ ಓದಲು ಕಲಿಸಿ, ಆ ಪುಟಗಳಲ್ಲಿ ಮಂಗಳೂರು, ಕಾರವಾರ, ಭಟ್ಕಳಗಳ ಹೆಸರನ್ನು ಹುಡುಕಿ ತೆಗೆದು ಬರೆಯಲು ಅವರನ್ನು ಪ್ರೇರೇಪಿಸಿರಿ.